ಹಲ್ಲಿರುವವರು ನಿರ್ಭಾಗ್ಯರು

ಮಾರ್ಚ್ 20 ವಿಶ್ವ ಬಾಯಿ ಆರೋಗ್ಯ ದಿನ. ಮಾರ್ಚ್ 31 ಹಣಕಾಸು ವರ್ಷದ ಕೊನೆಯ ದಿನ. ಇವೆರಡರ ನಡುವೆ ನಮ್ಮ ರಾಜ್ಯದ ಬಾಯಿ ಇರುವಷ್ಟು ಆರೋಗ್ಯವಾಗಿ ವರ್ಷದ ಇನ್ಯಾವ ದಿನವೂ ಇರುವುದಿಲ್ಲ. ಶಾಲೆ ಶಾಲೆಗೂ ಶಿಬಿರ. ಗೇಟಿಗೆ ಬ್ಯಾನರ್. ಬಿಸಿಲಲ್ಲಿ ಸಾಲಾಗಿ ನಿಂತು ಹಲ್ಲು ಕಿರಿಯುವ ಮಕ್ಕಳು. ಕೈಗೊಂದು ಬ್ರಷ್, ಜಿಪಿಎಸ್ ಸಮೇತ ಫೋಟೊ. ಬ್ರಷ್ ಮೂರು ತಿಂಗಳಿಗೆ ಸವೆಯುತ್ತದೆ. ಮುಂದಿನ ಬ್ರಷ್ ಮುಂದಿನ ಮಾರ್ಚ್‌ಗೆ. ನಡುವಿನ ಒಂಬತ್ತು ತಿಂಗಳು ಮಗು ಫೋಟೊ ನೋಡಿಕೊಂಡು ಹಲ್ಲುಜ್ಜಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಮೌಲ್ಯಮಾಪನ ಆಗಬೇಕಲ್ಲ. ಒಂದು ತಾಲೂಕಿಗೆ ತಂಡ ಬಂತು ಅಂದುಕೊಳ್ಳಿ. ಯಾವ ತಾಲೂಕು ಅಂತ ಕೇಳಬೇಡಿ, ನಿಮ್ಮದೇ ಇರಬಹುದು.

"ಡಾಕ್ಟ್ರೇ, ಶಿಬಿರ ಎಷ್ಟಾಯ್ತು?"

"ಗುರಿಗಿಂತ ಜಾಸ್ತಿನೇ ಆಗಿದೆ ಸರ್."

"ಬ್ರಷ್?"

"ಪೂರ್ತಿ ಹಂಚಿದೀವಿ ಸರ್. ಹೆಡ್‌ಮಾಸ್ಟರ್ ಸಹಿ, ಸೀಲು ಎಲ್ಲ ಇದೆ."

"ಮಕ್ಕಳ ಹಲ್ಲು ಹೇಗಿದೆ?"

"ಅದು ಈ ಫಾರ್ಮ್ಯಾಟ್‌ನಲ್ಲಿ ಬರಲ್ಲ ಸರ್."

"ಹೌದಾ? ಹಂಗಾದ್ರೆ ಬಿಡಿ."

ಹಲ್ಲು ಎಣಿಸುವ ವಿದ್ಯೆ ಜಗತ್ತಿಗೆ ಗೊತ್ತಿಲ್ಲ ಅಂತಲ್ಲ. ಹನ್ನೆರಡು ವರ್ಷದ ಮಕ್ಕಳ ಬಾಯಿ ತೆರೆಸಿ ಹುಳುಕು ಎಷ್ಟು, ಕಿತ್ತದ್ದು ಎಷ್ಟು, ತುಂಬಿಸಿದ್ದು ಎಷ್ಟು ಅಂತ ಕೂಡುತ್ತಾರೆ. ಕೆಲವು ವರ್ಷ ಬಿಟ್ಟು ಮತ್ತೆ ಕೂಡುತ್ತಾರೆ. ಮೊತ್ತ ಇಳಿದಿದ್ದರೆ ಕಾರ್ಯಕ್ರಮ ಗೆದ್ದಿತು, ಏರಿದ್ದರೆ ಸೋತಿತು. ಇದರಲ್ಲಿ ಸೋಲುವುದಕ್ಕೂ ಅವಕಾಶ ಇದೆ, ಅದೇ ತೊಂದರೆ. ನಮ್ಮಲ್ಲೂ 2002-03ರಲ್ಲಿ ದೇಶದ ಮಟ್ಟದ ದೊಡ್ಡ ಸಮೀಕ್ಷೆ ಆಯಿತು. ಇವತ್ತಿಗೂ ಎಷ್ಟೋ ವರದಿಗಳು ಅದೇ ಅಂಕಿಯನ್ನು ಅಗಿಯುತ್ತಿವೆ. ಆಗ ಬಾಯಿ ತೆರೆದ ಐದು ವರ್ಷದ ಕೂಸುಗಳು ಈಗ ತಮ್ಮ ಮಕ್ಕಳಿಗೆ ಹಲ್ಲುಜ್ಜಿಸುವ ವಯಸ್ಸಿಗೆ ಬಂದಿದ್ದಾರೆ. ಪಾಪ, ಕಡತದಲ್ಲಿ ಅವರಿಗೆ ಇನ್ನೂ ಹಾಲುಹಲ್ಲು. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 2014-15ರಲ್ಲಿ. ಅಂದರೆ ಹನ್ನೊಂದು ವರ್ಷ ಹಳೆಯ ಅಂಕಿ ಹಿಡಿದು ಹೊರಟ ಹೊಸ ಕಾರ್ಯಕ್ರಮ.

ಕರ್ನಾಟಕ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದೆ. ನಮ್ಮಲ್ಲಿ ದಂತಭಾಗ್ಯ ಇದೆ. ಬಿಪಿಎಲ್ ಕಾರ್ಡಿದ್ದು ಬಾಯಲ್ಲಿ ಹಲ್ಲಿಲ್ಲದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು. ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಹಲ್ಲು ಕಟ್ಟಿಸಿಕೊಂಡ ಅಜ್ಜಿ ಹಬ್ಬದ ಚಕ್ಕುಲಿ ಮುರಿದರೆ ನಗುವವನು ನಾನಲ್ಲ. ಆದರೆ ಒಟ್ಟು ಲೆಕ್ಕ ನೋಡಿ. ಹಾಲುಹಲ್ಲು ಬೀಳುವ ವಯಸ್ಸಿಗೆ ಕ್ಷೀರಭಾಗ್ಯ. ಹಲ್ಲೆಲ್ಲ ಬಿದ್ದ ವಯಸ್ಸಿಗೆ ದಂತಭಾಗ್ಯ. ನಡುವೆ ಬಾಯಲ್ಲಿ ಹಲ್ಲು ಇಟ್ಟುಕೊಂಡಿರುವವರು ಶುದ್ಧ ನಿರ್ಭಾಗ್ಯರು. ಅವರು ಕಾಯಬೇಕು. ಬಹಳ ಕಾಯಬೇಕಾಗಿಯೂ ಇಲ್ಲ. ಮೊದಲು 60 ಇದ್ದ ವಯೋಮಿತಿಯನ್ನು ಆಮೇಲೆ 45ಕ್ಕೆ ಇಳಿಸಿದರು. ನಲವತ್ತೈದಕ್ಕೇ ಜನರ ಹಲ್ಲು ಯಾಕೆ ಉದುರುತ್ತಿದೆ ಅಂತ ಬೇರೆ ಕಡೆಯಾಗಿದ್ದರೆ ಗಾಬರಿಯಾಗುತ್ತಿದ್ದರು. ನಮ್ಮಲ್ಲಿ ಅದಕ್ಕೆ ಯೋಜನೆಯ ವಿಸ್ತರಣೆ ಅನ್ನುತ್ತಾರೆ.

ಹಲ್ಲಿನ ಸೆಟ್ಟು ಅಂಗಡಿಯಲ್ಲಿ ಕೊಳ್ಳುವ ಚಪ್ಪಲಿ ಅಲ್ಲ. ಮೊದಲು ಒಂದು ಅಳತೆ. ಆಮೇಲೆ ಇನ್ನೊಂದು ಸರಿಯಾದ ಅಳತೆ. ಆಮೇಲೆ ಮೇಲ್ದವಡೆ ಕೆಳದವಡೆ ಹೊಂದುತ್ತವಾ ಅಂತ ನೋಡಬೇಕು. ಮೇಣದ ಮೇಲೆ ಹಲ್ಲು ಜೋಡಿಸಿ ಬಾಯಲ್ಲಿಟ್ಟು ನೋಡಬೇಕು. ಕೊನೆಗೆ ಕೈಗೆ ಕೊಡಬೇಕು. ಕಡಿಮೆ ಅಂದರೂ ನಾಲ್ಕೈದು ಸಲ ಓಡಾಟ. ರಾಜ್ಯದಲ್ಲಿ ನಲವತ್ತಕ್ಕೂ ಜಾಸ್ತಿ ದಂತ ಕಾಲೇಜುಗಳಿವೆ ನಿಜ, ಆದರೆ ಅವು ಹುಟ್ಟಿದ್ದು ಹಲ್ಲು ಬಿದ್ದ ಊರುಗಳಲ್ಲಲ್ಲ, ಕಾಂಪೌಂಡು ಕಟ್ಟಬಲ್ಲವರ ಊರುಗಳಲ್ಲಿ. ಹೀಗಾಗಿ ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು. ಅಜ್ಜಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ, ಅಜ್ಜ ಮಾತ್ರ ಟಿಕೆಟ್ ತಗೋಬೇಕು. ಹೀಗೆ ಇನ್ನೂ ಹತ್ತು ವರ್ಷ ನಡೆದರೆ ನಮ್ಮ ಹಳ್ಳಿಗಳಲ್ಲಿ ಅಜ್ಜಿಯರೆಲ್ಲ ಚಕ್ಕುಲಿ ತಿನ್ನುತ್ತಾರೆ, ಅಜ್ಜಂದಿರು ಗಂಜಿ ಕುಡಿಯುತ್ತಾರೆ. ಮೌಲ್ಯಮಾಪನದವರು ಅದನ್ನು ಮಹಿಳಾ ಸಬಲೀಕರಣದ ಕಾಲಂನಲ್ಲಿ ಬರೆಯಬಹುದು.

ಸೆಟ್ಟು ಕೈಗೆ ಬಂದ ದಿನ ಫಲಾನುಭವಿಯ ಹೆಸರಿನ ಮುಂದೆ ಟಿಕ್ ಬೀಳುತ್ತದೆ. ಅಲ್ಲಿಗೆ ಸರ್ಕಾರದ ಮಟ್ಟಿಗೆ ಆ ಬಾಯಿ ಮುಚ್ಚಿತು. ವಸಡಿನ ಕೆಳಗಿನ ಮೂಳೆ ಮಾತ್ರ ಟಿಕ್ ಬಿದ್ದ ಮೇಲೂ ಸವೆಯುತ್ತಲೇ ಇರುತ್ತದೆ. ಸೆಟ್ಟು ಸಡಿಲ ಆಗುತ್ತದೆ, ವಸಡು ಕೆಂಪಾಗುತ್ತದೆ, ಅಜ್ಜ ಅದನ್ನು ಕರ್ಚೀಫಿನಲ್ಲಿ ಸುತ್ತಿ ಬೀರುವಿನಲ್ಲಿಡುತ್ತಾನೆ. ಮದುವೆ ಮುಂಜಿಗೆ ಮಾತ್ರ ತೆಗೆಯುತ್ತಾನೆ, ಅದೂ ಫೋಟೊ ಹೊತ್ತಿಗೆ. ಕೊಟ್ಟ ಸೆಟ್ಟು ಎಷ್ಟು ಅಂತ ಕೇಳುವವರಿದ್ದಾರೆ. ಹಾಕಿಕೊಂಡಿರುವ ಸೆಟ್ಟು ಎಷ್ಟು ಅಂತ ಕೇಳುವುದು ಸಭ್ಯತೆ ಅಲ್ಲ.

ಹಾಗೆ ನೋಡಿದರೆ ಕಡಕ್ ರೊಟ್ಟಿ ಕಡಿಯುವ ಕಲಬುರಗಿಗೂ ಮುದ್ದೆ ನುಂಗುವ ಮಂಡ್ಯಕ್ಕೂ ಒಂದೇ ಅಳತೆಗೋಲು ಇಡುವುದು ಅನ್ಯಾಯ. ಪ್ರಾದೇಶಿಕ ಅಸಮಾನತೆಯ ಬಗ್ಗೆ ಅಷ್ಟೆಲ್ಲ ಬರೆದ ನಂಜುಂಡಪ್ಪ ವರದಿಯಲ್ಲಿ ಇದೊಂದು ಬಿಟ್ಟುಹೋಗಿದೆ.

ಈ ಲೆಕ್ಕದ ನಿಜವಾದ ಸೊಬಗು ತಾಲೂಕು ಆಸ್ಪತ್ರೆಯಲ್ಲಿದೆ. ಹಲ್ಲುನೋವು ಅಂತ ಕೂಲಿಯವನೊಬ್ಬ ಬರುತ್ತಾನೆ. ಬೇರಿನ ಚಿಕಿತ್ಸೆ ಮಾಡಿ ಹಲ್ಲು ಉಳಿಸಬಹುದು. ಅದಕ್ಕೆ ಎರಡು ಮೂರು ಸಲ ಬರಬೇಕು, ಕುರ್ಚಿ ಕೆಲಸ ಮಾಡಬೇಕು, ಕಂಪ್ರೆಸರ್ ಕೆಲಸ ಮಾಡಬೇಕು, ಎರಡಕ್ಕೂ ಕರೆಂಟು ಒಂದೇ ಹೊತ್ತಿಗೆ ಬರಬೇಕು. ಕೀಳುವುದಕ್ಕೆ ಇದೇನೂ ಬೇಡ. ಕಿತ್ತರು. ಒಂದು ಸಾಧನೆ. ಹೀಗೆ ಒಂದೊಂದಾಗಿ ಕಿತ್ತು ಬೊಚ್ಚುಬಾಯಿಯಾದ ಮೇಲೆ ಅದೇ ಇಲಾಖೆ ಹಲ್ಲು ಕಟ್ಟಿಸುತ್ತದೆ. ಇನ್ನೊಂದು ಸಾಧನೆ. ಬಿದ್ದ ಹಲ್ಲು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಉಳಿದ ಹಲ್ಲು ಒಂದು ಸಲವೂ ಇಲ್ಲ.

ಇನ್ನು ಫ್ಲೋರೈಡ್. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರಲ್ಲಿ ಫ್ಲೋರೈಡ್ ಬಂತು. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಸರಿ, ಗತಿಯಿಲ್ಲದಿದ್ದರೆ ಒಂದೂವರೆ, ಅದರಾಚೆ ಕುಡಿಯಬಾರದು ಅನ್ನುವುದು ನಿಯಮ. ಕುಡಿದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿತು. ಎಷ್ಟು ಉಜ್ಜಿದರೂ ಹೋಗುವ ಕಲೆಯಲ್ಲ ಅದು. ಇದಕ್ಕೆ 2008-09ರಿಂದ ಬೇರೆಯದೇ ರಾಷ್ಟ್ರೀಯ ಕಾರ್ಯಕ್ರಮ ಇದೆ. ಒಂದು ಮೇಜಿನವರು ಫ್ಲೋರೈಡ್ ಬೇಡ ಅನ್ನುತ್ತಾರೆ. ಪಕ್ಕದ ಮೇಜಿನವರು ಫ್ಲೋರೈಡ್ ಪೇಸ್ಟೇ ಬಳಸಿ ಅನ್ನುತ್ತಾರೆ. ಇಬ್ಬರು ಹೇಳುವುದೂ ಅವರವರ ಜಾಗದಲ್ಲಿ ಸರಿಯೇ. ಎರಡೂ ಪೋಸ್ಟರ್ ಒಂದೇ ಅಂಗನವಾಡಿಯ ಒಂದೇ ಗೋಡೆಗೆ ಬಂದಾಗ ಮಾತ್ರ ಅಂಗನವಾಡಿ ಟೀಚರು ಇದ್ದಿಲಿನಲ್ಲಿ ಉಜ್ಜಿಕೊಳ್ಳುತ್ತಾರೆ.

ಗುಟ್ಕಾ ವಿಷಯ ಬೇಗ ಮುಗಿಸುತ್ತೇನೆ, ಯಾಕಂದ್ರೆ ಅದು ಮುಗಿದೇ ಹೋಗಿದೆ. 2013ರಲ್ಲಿ ರಾಜ್ಯದಲ್ಲಿ ನಿಷೇಧ ಆಯಿತು. ಮರುದಿನದಿಂದ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ. ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿದರೆ ಅದು ಗುಟ್ಕಾ ಅಲ್ಲ, ಖಾಸಗಿ ವಿಚಾರ. ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಹೇಳಿ ಇಪ್ಪತ್ತು ವರ್ಷ ದಾಟಿತು. ಈ ಮಾತಿನ ವಿರುದ್ಧ ಮಲೆನಾಡಿನಲ್ಲಿ ಎಲ್ಲ ಪಕ್ಷಗಳೂ ಒಂದೇ ವೇದಿಕೆ ಹತ್ತುತ್ತವೆ. ಇನ್ಯಾವ ವಿಷಯಕ್ಕೂ ಹೀಗೆ ಹತ್ತಿದ್ದು ನಾನು ಕಂಡಿಲ್ಲ. ಬಾಯಿ ಕ್ಯಾನ್ಸರ್ ಇದೆಯಾ ಅಂತ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಒಬ್ಬರ ಆಸುಪಾಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದ ಮಾತಿದು, ಅದೂ ಮೂವತ್ತರಿಂದ ನಲವತ್ತೊಂಬತ್ತರ ವಯಸ್ಸಿನವರಲ್ಲಿ. ಉಳಿದ ತೊಂಬತ್ತೊಂಬತ್ತು ಜನ ಬಾಯಿ ತೆರೆದದ್ದು ಉಗುಳುವುದಕ್ಕೆ.

ನಮ್ಮ ತಾಲೂಕಿನ ತಂಡ ಮಧ್ಯಾಹ್ನದ ಊಟ ಮುಗಿಸಿ ವರದಿ ಬರೆಯಿತು. ಶಿಬಿರ: ಅತ್ಯುತ್ತಮ. ಬ್ರಷ್: ಅತ್ಯುತ್ತಮ. ಪೋಸ್ಟರ್: ಅತ್ಯುತ್ತಮ, ಕೆಲವು ಕಡೆ ತಲೆಕೆಳಗು. ದಂತಭಾಗ್ಯದಲ್ಲಿ ಮಾತ್ರ ಗುರಿ ತಲುಪಿಲ್ಲ. ಅರ್ಹರು ಸಿಗುತ್ತಿಲ್ಲ. ಕಾರಣ ಹುಡುಕಿದರೆ ಅಲ್ಲಿನ ದಂತವೈದ್ಯೆಯೊಬ್ಬರು ಶಿಬಿರ ಬಿಟ್ಟು, ಫೋಟೊ ಬಿಟ್ಟು, ವರ್ಷಗಟ್ಟಲೆ ಶಾಲೆಗಳಿಗೆ ಸುಮ್ನೆ ಹೋಗಿ ಮಕ್ಕಳ ಹುಳುಕು ತುಂಬಿಸುತ್ತಿದ್ದರು. ಊರಲ್ಲಿ ನಲವತ್ತೈದರವರ ಬಾಯಲ್ಲೂ ಹಲ್ಲು ಗಟ್ಟಿಯಾಗಿ ಕೂತಿವೆ. ಕಾರಣ ಕೇಳಿ ನೋಟಿಸ್ ಹೋಯಿತು. ಏಳು ದಿನದೊಳಗೆ ಅವರು ಉತ್ತರವನ್ನೂ ಕೊಟ್ಟರು: "ಅಚಾತುರ್ಯಕ್ಕೆ ಕ್ಷಮೆ ಇರಲಿ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ."