ಹೂ ಎಲ್ಲಿದೆ ಮಾರಾಯ್ತಿ?

ನಮ್ಮ ಹಲಸಿನ ಮರದಲ್ಲಿ ಆರ್ಕಿಡ್ ಹೂ ಬಿಟ್ಟಿದೆ ಅಂತ ನಾನು ಬಾಯಿ ಬಿಡಬಾರದಿತ್ತು. ನಿನ್ನೆ ಬೆಳಿಗ್ಗೆಯಿಂದ ಬಂದವರೆಲ್ಲ ಕಾಫಿ ಕುಡಿದು, ಮರದ ಬುಡಕ್ಕೆ ಹೋಗಿ, ಕತ್ತೆತ್ತಿ ಕೇಳಿದ್ದು ಒಂದೇ: "ಎಲ್ಲಿದೆ?"

ಆರ್ಕಿಡ್ ಅಂದ್ರೆ ಮದುವೆ ಮಂಟಪದ ನೇರಳೆ ಹೂ ಅಂತ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮದು ಓಬೆರೋನಿಯಾ, ಇದೇ ಘಟ್ಟದ ಗಿಡ. ಎಲೆಗಳನ್ನು ಜಡೆ ಹೆಣೆದು ಇಸ್ತ್ರಿ ಹೊಡೆದ ಹಾಗೆ ಚಪ್ಪಟೆ. ತುದಿಯಿಂದ ಇಲಿಬಾಲದಂಥ ತೆನೆ ಇಳಿಬಿದ್ದಿರುತ್ತೆ. ಬಾಲದ ಸುತ್ತ ನೂರಾರು ಹೂ. ಒಂದೊಂದು 2 ಮಿಲಿಮೀಟರ್ ಇದ್ದರೆ ಜಾಸ್ತಿ. ಸಾಸಿವೆ ಕಾಳಿನಷ್ಟು ಜಾಗದಲ್ಲಿ ದಳ, ತುಟಿ ಎಲ್ಲ ಬೇರೆ ಬೇರೆ!

ದೊಡ್ಡಪ್ಪ ಬಂದರು. ಪಂಚಾಂಗ ನೋಡುವ ಭೂತಗನ್ನಡಿ ತರಿಸಿದರು. ಸ್ಟೂಲ್ ಹತ್ತಿದರು. ಕೆಳಗೆ ಸ್ಟೂಲ್ ಹಿಡಿದು ನಾನು. ಎರಡು ನಿಮಿಷ ಮಾತಿಲ್ಲ. ನನಗೋ ಖುಷಿ, ಒಬ್ಬರಾದರೂ ಸರಿಯಾಗಿ ನೋಡಿದರಲ್ಲ ಅಂತ.

"ಚಂದ ಇದೆ ಕಣೇ. ಕಪ್ಪು ಬಣ್ಣ."

ಕಪ್ಪಾ? ನಮ್ಮದು ಹಳದಿ ಮಿಶ್ರಿತ ಹಸಿರು.

"ಆರು ದಳ. ಸಣ್ಣ ಸೊಂಟ." ಸ್ವಲ್ಪ ತಡೆದು, "ಅರೆ, ನಡೀತಾ ಇದೆಯಲ್ಲೇ!"

ಅಷ್ಟು ಹೊತ್ತು ಅವರು ನೋಡಿದ್ದು ಇರುವೆಯನ್ನ. ಅದು ತೆನೆ ದಾಟಿ ಕೊಂಬೆ ಹತ್ತಿತು. ಭೂತಗನ್ನಡಿಯೂ ಅದರ ಹಿಂದೆಯೇ ಹೋಯಿತು.

ಅತ್ತೆಯ ಪ್ರಶ್ನೆ ಇನ್ನೂ ಸೀದಾ: "ಮುಡಿಯಕ್ಕೆ ಬರತ್ತಾ?" ಬರಲ್ಲ. "ದೇವರಿಗೆ?" ಕಿತ್ತರೆ ತಾನೇ! ಸೊಪ್ಪು ಕಡಿಯಲು ಬಂದವನಂತೂ ಕತ್ತಿ ಎತ್ತಿಯೇ ಬಿಟ್ಟಿದ್ದ, "ಬಂದಳಿಕೆ ಅಮ್ಮ, ಮರ ಹಾಳು ಮಾಡತ್ತೆ" ಅಂತ. ಅಲ್ಲ ಮಾರಾಯ, ಬಂದಳಿಕೆ ಮರದ ರಸ ಹೀರುತ್ತೆ. ಇದು ತೊಗಟೆ ಮೇಲೆ ಸುಮ್ನೆ ಕೂತಿರುತ್ತೆ. ಮಳೆ, ಮಂಜು, ಪಾಚಿಯ ತೇವ ಇದ್ದರೆ ಸಾಕು. ಬಾಡಿಗೆಗೆ ಇರುವವರನ್ನ ಕಳ್ಳರು ಅಂದ ಹಾಗಾಯಿತು. ಅವನಿಗೂ ಒಂದು ಲೋಟ ಕಾಫಿ ಕೊಟ್ಟು ಕತ್ತಿ ಇಳಿಸಿದೆ.

ಅಜ್ಜಿ ಇದ್ದಿದ್ದರೆ ಇಷ್ಟೆಲ್ಲ ಹೇಳಬೇಕಿರಲಿಲ್ಲ. ಮಳೆಗಾಲ ಶುರುವಾಗುವಾಗ ಸೀತಾಳೆ ದಂಡೆಯನ್ನು ಇಡಿಯಾಗಿ ಜಡೆಗೆ ಸುತ್ತಿಕೊಳ್ಳುತ್ತಿದ್ದರು. ಅದೂ ಆರ್ಕಿಡ್ಡೇ, ಆದರೆ ಆ ಹೆಸರು ಅವರಿಗೆ ಬೇಕಿರಲಿಲ್ಲ. ಯಾವ ಮರದ ಯಾವ ಕೊಂಬೆಯಲ್ಲಿ ಹೂ ಬಿಟ್ಟಿದೆ ಅಂತ ಮಾತ್ರ ಗೊತ್ತಿತ್ತು.

ಇವತ್ತು ಬೆಳಿಗ್ಗೆ ದೊಡ್ಡಪ್ಪನ ಫೋನ್.

"ಹೂ ಹೇಗಿದೆಯೇ?"

"ಇದೆ ದೊಡ್ಡಪ್ಪ."

"ಮರದಲ್ಲೇ ಇದೆಯಾ, ಗೂಡಿಗೆ ಹೋಯ್ತಾ?"