ಅನಾನಸ್ ಹಾಕಿದ ಕೂಡಲೇ ಕೆರಿಬಿಯನ್ ಆಗುವುದಿಲ್ಲ ಸ್ವಾಮೀ

ಅಡುಗೆಮನೆಯಲ್ಲಿ ಒಣಮೀನು ನೆನೆಯುತ್ತಿದೆ. ಮೊದಲನೇ ನೀರು ಚೆಲ್ಲಿ ಬಂದು ಇದನ್ನು ಬರೆಯಲು ಕೂತಿದ್ದೇನೆ. ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಉದ್ದ ಆಗುತ್ತದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ, ನನಗೇನೂ ಬೇಜಾರಿಲ್ಲ.

ಆಗಿದ್ದು ಇಷ್ಟು. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಕೆರಿಬಿಯನ್ ಊಟದ ಹಬ್ಬ ನಡೆಯುತ್ತಿದೆ. ಹೆಸರು ಹೇಳುವುದಿಲ್ಲ, ಸುಮ್ನೆ ಯಾಕೆ ತಂಟೆ. "ನಿನ್ನ ಟ್ರಿನಿಡಾಡ್ ಊಟ ಬಂದಿದೆ ಬಾರೇ" ಎಂದು ಗೆಳತಿಯರು ಎಳೆದುಕೊಂಡು ಹೋದರು. ಬಾಗಿಲಲ್ಲೇ ತಲೆಗೊಂದು ಹುಲ್ಲಿನ ಟೋಪಿ. ಒಳಗೆ ಪ್ಲಾಸ್ಟಿಕ್ ತೆಂಗಿನ ಮರ. ಕಾರ್ಪೆಟ್ ಮೇಲೆ ಒಂದು ಬುಟ್ಟಿಯಷ್ಟು ಮರಳು ಬೇರೆ ಸುರಿದಿದ್ದರು. ಇರಲಿ, ಮಕ್ಕಳಿಗೆ ಖುಷಿ ಅಂದುಕೊಂಡೆ. ಆಮೇಲೆ ಪಾತ್ರೆಯ ಮುಚ್ಚಳ ತೆಗೆದೆ. "ಕೆರಿಬಿಯನ್ ಫಿಶ್ ಕರಿ" ಎಂದು ಚೀಟಿ. ಒಳಗೆ ಬೆಳ್ಳಗಿನ ಬಾಸಾ ಮೀನು, ತೆಂಗಿನ ಹಾಲು, ಡಬ್ಬದ ಅನಾನಸ್. ಮೇಲೊಂದು ಕೆಂಪು ಚೆರ್ರಿ. ಮೀನಿನ ಸಾರಿಗೆ ಚೆರ್ರಿ!

ಪಕ್ಕದ ಪಾತ್ರೆಯಲ್ಲಿ ಸಿಗಡಿ. ಅದರಲ್ಲೂ ಅನಾನಸ್. ಅದರಾಚೆ ಏಡಿ. ಅದರಲ್ಲಿ ಅನಾನಸ್ ಇರಲಿಲ್ಲ, ಮಾವಿನಹಣ್ಣು ಇತ್ತು.

ನನ್ನ ಕಥೆ ನಿಮಗೆಲ್ಲ ಗೊತ್ತೇ ಇದೆ. ಯಜಮಾನರ ಕೆಲಸದ ಜೊತೆ ಆರು ವರ್ಷ ಕೆರಿಬಿಯನ್ ದ್ವೀಪ ಟ್ರಿನಿಡಾಡಿನ ಸೇಂಟ್ ಆಗಸ್ಟೀನಿನಲ್ಲಿದ್ದೆ. ಹೋಗುವ ಮುಂಚೆ ನನಗೂ ಅಲ್ಲಿಯ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಎಂದರೆ 1976ರ ಟೆಸ್ಟ್ ಮ್ಯಾಚು ಮಾತ್ರ. ಭಾರತ ನಾಲ್ಕನೇ ಇನ್ನಿಂಗ್ಸಿನಲ್ಲಿ 406 ಹೊಡೆದು ಗೆದ್ದದ್ದು, ನಮ್ಮ ವಿಶ್ವನಾಥ್ 112 ಹೊಡೆದದ್ದು. ಅಪ್ಪ ಆ ಕಥೆಯನ್ನು ನೂರು ಸಲವಾದರೂ ಹೇಳಿದ್ದಾರೆ. ಅಲ್ಲಿಯ ಜನ ಏನು ತಿನ್ನುತ್ತಾರೆ ಎಂದು ಅಪ್ಪನಿಗೂ ಗೊತ್ತಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಲಿಸಿದವರು ಪಕ್ಕದ ಮನೆಯ ಟ್ಯಾಂಟಿ. ಅಲ್ಲಿ ದೊಡ್ಡಮ್ಮ, ಅತ್ತೆ ವಯಸ್ಸಿನವರನ್ನು ಹಾಗೆ ಕರೆಯುತ್ತಾರೆ. ಮೊದಲನೇ ವಾರ ನಾನು ಕ್ಯಾರೈಟ್ ಮೀನು ತಂದೆ. ನಮ್ಮ ಅಂಜಲಿನ ದಾಯಾದಿ ಅದು. ನಲ್ಲಿ ನೀರಿನಲ್ಲಿ ಎರಡು ಸಲ ತೊಳೆದು ಮಸಾಲೆಗೆ ಕೈ ಹಾಕಿದೆ. ಟ್ಯಾಂಟಿ ಬೇಲಿಯಾಚೆಯಿಂದ ನೋಡುತ್ತಿದ್ದವರು ಒಳಗೇ ಬಂದುಬಿಟ್ಟರು. "ಫ್ರೆಶ್ ಇದೆ" ಎಂದರು. ನಾನು ಹೊಗಳಿಕೆ ಅಂದುಕೊಂಡು ಹಲ್ಲು ಕಿರಿದೆ. ಆಮೇಲೆ ಗೊತ್ತಾಯಿತು, ಅಲ್ಲಿ "ಫ್ರೆಶ್" ಎಂದರೆ ಬೈಗುಳ. ನಾವು ಹಸಿ ವಾಸನೆ ಅಂತೀವಲ್ಲ, ಅದು. ನಿಂಬೆ ಹಿಂಡಿ, ಉಪ್ಪು ಮತ್ತು ಒಂದು ಮುಷ್ಟಿ ಮೈದಾ ಹಾಕಿ ಒಂದೊಂದೇ ತುಂಡನ್ನು ಉಜ್ಜಬೇಕು. ಬೆನ್ನುಮೂಳೆಯ ಸಂದಿಯ ರಕ್ತ ಉಗುರಿನಿಂದ ಕೆರೆದು ತೆಗೆಯಬೇಕು. ತೊಳೆದ ನೀರು ತಿಳಿಯಾಗುವವರೆಗೆ ಒಲೆ ಹಚ್ಚುವ ಮಾತೇ ಇಲ್ಲ. ಕರಾವಳಿಯಲ್ಲಿ ಹುಟ್ಟಿದ ನನಗೆ ಮೀನು ತೊಳೆಯಲು ಕಲಿಸುತ್ತಾರಾ ಎಂದು ಒಳಗೊಳಗೇ ಉರಿದುಹೋಯಿತು. ಕಲಿಸಿದರು.

ಆಮೇಲೆ ಹಸಿರು ಮಸಾಲೆ. ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಇಲ್ಲದ ಮನೆ ಅಲ್ಲಿ ಸಿಗಬಹುದು, ಆ ಹಸಿರು ಬಾಟಲಿ ಇಲ್ಲದ ಮನೆ ನಾನು ಕಾಣಲಿಲ್ಲ. ಗ್ರೀನ್ ಸೀಸನಿಂಗ್ ಎನ್ನುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಥೈಮ್, ಖಾರ ಇಲ್ಲದ ಘಮದ ಮೆಣಸಿನಕಾಯಿ. ಇವೆಲ್ಲದರ ಮೇಲೆ ಶಾಡೋ ಬೆನಿ ಎಂಬ ಉದ್ದ ಎಲೆಯ ಸೊಪ್ಪು, ಅಂಚಿಗೆ ಗರಗಸದಂಥ ಮುಳ್ಳು. ನೋಡಿದ ಕೂಡಲೇ ಗುರುತು ಸಿಕ್ಕಿತು. ಅಜ್ಜಿಯ ಮನೆಯ ಬಚ್ಚಲು ನೀರು ಹರಿಯುವ ಕಡೆ ಬೆಳೆಯುತ್ತಿದ್ದ ಕಾಡುಕೊತ್ತಂಬರಿ! ಅಲ್ಲಿಯ ಭಾರತೀಯ ಮೂಲದವರು ಅದಕ್ಕೆ ಬಂಧನಿಯಾ ಎನ್ನುತ್ತಾರೆ. ಬನ ಎಂದರೆ ಕಾಡು, ಧನಿಯಾ ಎಂದರೆ ಕೊತ್ತಂಬರಿ. ಅದೇ ಗಿಡ, ಅದೇ ಹೆಸರು. ಇನ್ನೊಂದು ಸೊಪ್ಪು ಕೈಗಿಟ್ಟು "ಸ್ಪ್ಯಾನಿಷ್ ಥೈಮ್" ಎಂದರು. ಮೂಸಿ ನೋಡಿದರೆ ದೊಡ್ಡಪತ್ರೆ. ನೆಗಡಿಗೆ ನಾವು ತಂಬುಳಿ ಮಾಡುವ ದೊಡ್ಡಪತ್ರೆಯನ್ನು ಅವರು ಅರೆದು ಮೀನಿಗೆ ಹಚ್ಚುತ್ತಾರೆ.

ಈಗ ಹೇಳಿ. ನಿನ್ನೆ ಹೋಟೆಲಿನಲ್ಲಿ ಒಬ್ಬ ಹುಡುಗ ಬಹಳ ವಿನಯದಿಂದ "ಮೇಡಂ, ಅಲ್ಲಿಯ ಸಾಮಾನು ಇಲ್ಲಿ ಸಿಗುವುದಿಲ್ಲ" ಎಂದ. ದೊಡ್ಡಪತ್ರೆ ಸಿಗುವುದಿಲ್ಲವಾ? ಅವರದೇ ಲಾನಿನ ಅಂಚಿನಲ್ಲಿ ಕುಂಡದಲ್ಲಿತ್ತು! ಪಾಪ ಹುಡುಗನ ತಪ್ಪಲ್ಲ, ಸುಮ್ಮನಾದೆ. ಗೆಳತಿಯರು ಹೇಳುವ ಪ್ರಕಾರ ನಾನು ಸುಮ್ಮನಾಗಲಿಲ್ಲ.

ಸಿಗದಿರುವುದು ಏನಿದೆ ಹೇಳಿ. ಕಲಾಲೂ ಮಾಡಲಿ. ಟ್ರಿನಿಡಾಡಿನ ಭಾನುವಾರದ ಊಟ ಅದು. ಅದಕ್ಕೆ ಬೇಕಾದ್ದು ಡಶೀನ್ ಎಲೆ, ಅಂದರೆ ನಮ್ಮ ಕೆಸುವಿನ ಎಲೆ. ಬೆಂಡೆಕಾಯಿ, ಕುಂಬಳಕಾಯಿ, ತೆಂಗಿನ ಹಾಲು, ಹಸಿರು ಮಸಾಲೆ. ಒಳಗೆ ಒಡೆದ ಏಡಿ. ಮೇಲೆ ಒಂದು ಇಡೀ ಸ್ಕಾಚ್ ಬಾನೆಟ್ ಮೆಣಸಿನಕಾಯಿ ತೇಲಿಬಿಡುತ್ತಾರೆ. ಘಮ ಬಿಡಬೇಕು, ಒಡೆಯಬಾರದು. ಒಡೆದರೆ ಇಡೀ ಪಾತ್ರೆ ಗೋವಿಂದ. ತುರಿಕೆ ಹೋಗುವಷ್ಟು ಕುದಿಸಿದ ಮೇಲೆ ಏಡಿ ಎತ್ತಿಟ್ಟು ಕಡೆಯುತ್ತಾರೆ. ಹೌದು, ಕಡೆಯುತ್ತಾರೆ. ಸ್ವಿಝಲ್ ಸ್ಟಿಕ್ ಎಂಬ ಮರದ ಕಡಗೋಲು ಇದೆ, ಎರಡು ಅಂಗೈ ನಡುವೆ ಇಟ್ಟು ತಿರುಗಿಸುವುದು. ಪತ್ರೊಡೆ ತಿಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಅಥವಾ ಜಮೈಕಾದ ಎಸ್ಕೊವಿಚ್ ಮಾಡಲಿ. ತಲೆ ಸಮೇತ ಇಡೀ ಮೀನನ್ನು ಗರಿಗರಿಯಾಗಿ ಹುರಿದು, ಮೇಲೆ ಬಿಸಿ ವಿನೆಗರ್ ಸುರಿಯುವುದು. ವಿನೆಗರ್ ಒಳಗೆ ಈರುಳ್ಳಿ, ಕ್ಯಾರೆಟ್, ಆ ಖಾರದ ಮೆಣಸು, ಕೆಲವು ಆಲ್‌ಸ್ಪೈಸ್ ಕಾಳು, ಮತ್ತೆ ಚೋಚೋ. ಚೋಚೋ ಎಂದರೆ ಯಾವುದೋ ಅಪರೂಪದ ಹಣ್ಣು ಅಂದುಕೊಳ್ಳಬೇಡಿ. ಸೀಮೆಬದನೆಕಾಯಿ! ಬೆಂಗಳೂರಿನಲ್ಲಿ ಸೀಮೆಬದನೆಕಾಯಿಗೆ ಬರವಾ? ಹಾಗೇ ಒಂದು ರಾತ್ರಿ ಇಟ್ಟು ಮರುದಿನ ತಿನ್ನಬೇಕು. ಅಲ್ಲಿ ಗುಡ್ ಫ್ರೈಡೇ ಸಮಯದಲ್ಲಿ ಇದು ಇರಲೇಬೇಕು.

ಅನಾನಸ್ಸಿನ ಮೇಲೆ ನನಗೆ ದ್ವೇಷ ಇಲ್ಲ ಮತ್ತೆ. ಟ್ರಿನಿಡಾಡಿನಲ್ಲಿ ಅನಾನಸ್ ಇದೆ, ಚೆನ್ನಾಗಿ ತಿನ್ನುತ್ತಾರೆ. ಹೆಚ್ಚಿ, ಉಪ್ಪು, ಬೆಳ್ಳುಳ್ಳಿ, ಮೆಣಸು, ಶಾಡೋ ಬೆನಿ ಕಲಸಿ ಚೌ ಎಂದು ಮಾಡುತ್ತಾರೆ. ಬಾಯಲ್ಲಿ ನೀರು ಬರುತ್ತದೆ. ಆದರೆ ಮೀನಿನ ಕರಿಗೆ ಹಾಕಿದ್ದನ್ನು ಆರು ವರ್ಷದಲ್ಲಿ ಒಂದು ಮನೆಯಲ್ಲೂ ನಾನು ನೋಡಲಿಲ್ಲ. ಅನಾನಸ್ಸನ್ನು ಖಾರದ ಜೊತೆ ಬೇಯಿಸಲೇಬೇಕು ಎಂಬ ಹಟ ಇದ್ದರೆ ಉಡುಪಿ ಕಡೆಯ ಮೆಣಸ್ಕಾಯಿ ಇದೆಯಲ್ಲ, ಮಾಡಿ. ಮೀನಿಗೆ ಯಾಕೆ ಈ ಶಿಕ್ಷೆ?

ಒಂದು ತಪ್ಪೊಪ್ಪಿಗೆ ಇಲ್ಲೇ ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಯಜಮಾನರು ಕಾಮೆಂಟಿನಲ್ಲಿ ಹಾಕುತ್ತಾರೆ. ನಾನೂ ಇದೇ ಪಾಪ ಮಾಡಿದ್ದೇನೆ. ಪಕ್ಕದ ಟೊಬಾಗೋ ದ್ವೀಪದಲ್ಲಿ ಏಡಿ ಕರಿ, ಹಿಟ್ಟಿನ ಡಂಪ್ಲಿಂಗ್ ತಿಂದು ಬಂದ ಹುಮ್ಮಸ್ಸಿನಲ್ಲಿ ಮನೆಯಲ್ಲಿ ಮಾಡಿ ಟ್ಯಾಂಟಿಯನ್ನು ಊಟಕ್ಕೆ ಕರೆದೆ. ಅಲ್ಲಿಯವರ ಕ್ರಮ ಬಹಳ ಸರಳ. ಅರಿಶಿನ ಜಾಸ್ತಿ ಇರುವ ಕರಿ ಪುಡಿಯನ್ನು ನೀರಿನಲ್ಲಿ ಕಲಸಿ, ಬಿಸಿ ಎಣ್ಣೆಗೆ ಹಾಕಿ, ಎಣ್ಣೆ ಬಿಡುವವರೆಗೆ ಕೆದಕುವುದು. ಹಸಿರು ಮಸಾಲೆಯಲ್ಲಿ ನೆನೆದ ಏಡಿ ಹಾಕಿ ಹೊರಳಿಸುವುದು. ಕೊನೆಗೆ ತೆಂಗಿನ ಹಾಲು. ನನಗೆ ಅಷ್ಟು ಸಾಲಲಿಲ್ಲ. ಬ್ಯಾಡಗಿ ಮೆಣಸು ಹುರಿದೆ, ಕೊತ್ತಂಬರಿ ಬೀಜ ಹುರಿದೆ, ಕಾಯಿ ರುಬ್ಬಿದೆ, ಹುಣಸೆಹುಳಿ ಬಿಟ್ಟೆ. ಟ್ಯಾಂಟಿ ಎರಡು ಸಲ ಬಡಿಸಿಕೊಂಡು ಉಂಡರು. ನಿನಗೆ ಸ್ವೀಟ್ ಹ್ಯಾಂಡ್ ಇದೆ ಎಂದರು. ಕೈಗುಣ ಚೆನ್ನಾಗಿದೆ ಅನ್ನುವುದಕ್ಕೆ ಅವರ ಮಾತು ಅದು. ಬೆರಳು ಚೀಪುತ್ತಾ ಕೇಳಿದರು: "ಇದಕ್ಕೆ ನಿಮ್ಮೂರಲ್ಲಿ ಏನಂತಾರೆ?" ನಾನು "ಏಡಿ ಕರಿ" ಎಂದು ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ.

ಇಷ್ಟು ಹೊತ್ತಿಗೆ ಒಬ್ಬರಾದರೂ ಕೆಳಗೆ ಬರೆದಿರುತ್ತೀರಿ: ಅಡುಗೆ ಬದಲಾಗುತ್ತಲೇ ಇರುತ್ತದೆ, ಮೆಣಸಿನಕಾಯಿಯೇ ಅಮೆರಿಕ ಖಂಡದಿಂದ ಬಂದದ್ದು, ನೀವ್ಯಾಕೆ ಮಡಿ ಮಾಡುತ್ತೀರಿ ಅಂತ. ಸರಿ, ಗೊತ್ತು. ಟ್ರಿನಿಡಾಡಿನ ಕರಿ ಹುಟ್ಟಿದ್ದೇ ಹಾಗೆ. 1845ರ ಮೇ 30ರಂದು ಫಟೆಲ್ ರಜಾಕ್ ಎಂಬ ಹಡಗು ಭಾರತದಿಂದ ಮೊದಲ ಕೂಲಿಗಳನ್ನು ತಂದು ಇಳಿಸಿತು. 1917ರವರೆಗೆ 1.4 ಲಕ್ಷಕ್ಕೂ ಜಾಸ್ತಿ ಜನ ಬಂದರು, ಹೆಚ್ಚಿನವರು ಇವತ್ತಿನ ಉತ್ತರ ಪ್ರದೇಶ, ಬಿಹಾರ ಕಡೆಯವರು. ಊರಿನ ಮಸಾಲೆ ಪೂರ್ತಿ ಸಿಗಲಿಲ್ಲ, ಸಿಕ್ಕಿದ್ದರಲ್ಲಿ ಮಾಡಿಕೊಂಡರು. ಜೀರಿಗೆಗೆ ಇವತ್ತಿಗೂ ಗೀರಾ ಅಂತಾರೆ, ಒಗ್ಗರಣೆ ಕೊಡುವುದಕ್ಕೆ ಚುಂಕೇ ಅಂತಾರೆ. ಭಾಷೆ ಮರೆತುಹೋಗಿದೆ, ಒಗ್ಗರಣೆ ಮರೆತಿಲ್ಲ. ಕಬ್ಬಿನ ಗದ್ದೆಯಲ್ಲಿ ಬೆನ್ನು ಮುರಿದುಕೊಂಡವರು ರಾತ್ರಿ ಮಾಡಿಕೊಂಡ ಬದಲಾವಣೆ ಅದು. ಡಬ್ಬ ಒಡೆದು ಸುರಿದದ್ದನ್ನೂ ಅದರ ಪಕ್ಕ ಕೂರಿಸುತ್ತೀರಾ?

ನನ್ನ ಸಿಟ್ಟಿನ ಬುಡ ಬೇರೆಯೇ ಇದೆ. ಅಷ್ಟು ದೊಡ್ಡ ಬಫೆಯಲ್ಲಿ ಉಪ್ಪುಮೀನು ಇರಲಿಲ್ಲ. ಒಂದೇ ಒಂದು ತುಂಡೂ ಇರಲಿಲ್ಲ.

ಸಾಲ್ಟ್‌ಫಿಶ್ ಇಲ್ಲದೆ ಕೆರಿಬಿಯನ್ ಮೀನಡುಗೆ ಎಂದರೆ ಮದುವೆ ಮನೆಯಲ್ಲಿ ಹುಡುಗಿಯೇ ಇಲ್ಲದ ಹಾಗೆ. ಸುತ್ತ ಸಮುದ್ರ ಇರುವ ದ್ವೀಪಗಳು. ಆದರೂ ಅಲ್ಲಿಯ ಮನೆಮನೆಯ ಮೀನು ಕಾಡ್. ಅದು ತಣ್ಣೀರಿನ ಮೀನು, ಟ್ರಿನಿಡಾಡಿನಿಂದ ಸುಮಾರು 4,000 ಕಿ.ಮೀ. ದೂರದ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯದು. ಇದು ಯಾಕೆ ಹೀಗೆ ಎಂದು ಕೇಳಿದರೆ ಪ್ಲಾಸ್ಟಿಕ್ ತೆಂಗಿನ ಮರ ಬಿದ್ದೇ ಹೋಗುತ್ತದೆ. ಕಬ್ಬಿನ ತೋಟದ ಒಡೆಯರಿಗೆ ಒಂದಡಿ ಜಾಗವೂ ಕಬ್ಬಿಗೇ ಬೇಕಿತ್ತು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಅಗ್ಗದ ಆಹಾರ ಬೇಕಿತ್ತು, ಬಿಸಿಲಿಗೆ ಕೆಡಬಾರದಿತ್ತು. ಒಳ್ಳೆಯ ಮೀನು ಯುರೋಪಿಗೆ ಹೋಯಿತು. ಒಡೆದದ್ದು, ಬಣ್ಣ ಕೆಟ್ಟದ್ದು, ಅಲ್ಲಿ ಯಾರೂ ಕೊಳ್ಳದ್ದು ವೆಸ್ಟ್ ಇಂಡೀಸಿಗೆ ಬಂತು. ಹಡಗುಗಳು ವಾಪಸ್ ಹೋಗುವಾಗ ಸಕ್ಕರೆ, ಕಾಕಂಬಿ, ರಮ್ ತುಂಬಿಕೊಂಡು ಹೋದವು. ನ್ಯೂಫೌಂಡ್‌ಲ್ಯಾಂಡಿನವರು ಇವತ್ತಿಗೂ ಜಮೈಕಾದ ರಮ್ ಕುಡಿಯುತ್ತಾರೆ.

ಆ ಕಸದಂಥ ಮೀನಿನಿಂದ ಅವರು ಏನು ಮಾಡಿದರು ನೋಡಿ. ಜಮೈಕಾದಲ್ಲಿ ಆಕಿ ಜೊತೆ ಸೇರಿಸಿ ದೇಶದ ಹೆಮ್ಮೆಯ ತಿಂಡಿ ಮಾಡಿಕೊಂಡರು. ಆಕಿ ಪಶ್ಚಿಮ ಆಫ್ರಿಕಾದಿಂದ ಬಂದ ಹಣ್ಣು, ಮರದ ಮೇಲೆ ತಾನಾಗಿ ಬಾಯಿ ಬಿಡುವ ಮುಂಚೆ ಕಿತ್ತು ತಿಂದರೆ ವಿಷ. ಟ್ರಿನಿಡಾಡಿನಲ್ಲಿ ಬುಲ್‌ಜೋಲ್ ಮಾಡಿದರು. ಬಾಯಿ ಸುಡುವುದು ಎಂಬ ಫ್ರೆಂಚ್ ಮಾತಿನಿಂದ ಬಂದ ಹೆಸರು. ಮೀನನ್ನು ರಾತ್ರಿ ನೆನೆಸಬೇಕು. ನೀರು ಬದಲಿಸಬೇಕು. ಕುದಿಸಿ, ಆ ನೀರೂ ಚೆಲ್ಲಿ, ಮತ್ತೆ ಕುದಿಸಬೇಕು. ಪೂರ್ತಿ ಉಪ್ಪು ತೆಗೆಯಬಾರದು, ಅಲ್ಲೇ ಇರುವುದು ಕೈಚಳಕ. ಟ್ಯಾಂಟಿ ಒಂದು ಎಳೆ ಕಿತ್ತು ನಾಲಿಗೆ ಮೇಲಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸಾಕೋ ಸಾಲದೋ ಎಂದು ಗಲ್ಲದ ಕುಣಿತದಲ್ಲೇ ಗೊತ್ತಾಗುತ್ತಿತ್ತು. ಆಮೇಲೆ ಮುಳ್ಳು ತೆಗೆದು ಎಳೆ ಎಳೆ ಬಿಡಿಸಿ, ಈರುಳ್ಳಿ, ಟೊಮೇಟೊ, ಖಾರದ ಮೆಣಸು ಸೇರಿಸಿ, ಬಿಸಿ ಎಣ್ಣೆ ಚುಯ್ ಎಂದು ಸುರಿಯುವುದು. ಪಕ್ಕದಲ್ಲಿ ಬೆಣ್ಣೆಹಣ್ಣು. ತೆಂಗಿನಕಾಯಿ ಹಾಕಿದ ಬೇಕ್ ಎಂಬ ದಪ್ಪ ರೊಟ್ಟಿ. ಬೆಳಗಿನ ತಿಂಡಿಗೆ ಇದಕ್ಕಿಂತ ಇನ್ನೇನು ಬೇಕು?

ಬಡವರ ಆ ಮೀನು ಈಗ ದುಬಾರಿ. ಹಿಡಿದು ಹಿಡಿದು ಕಾಡ್ ಖಾಲಿಯಾಗಿ 1992ರಲ್ಲಿ ಕೆನಡಾ ಸರ್ಕಾರ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನುಗಾರಿಕೆಯನ್ನೇ ನಿಲ್ಲಿಸಿತು. ಈಗ ಸಾಲ್ಟ್‌ಫಿಶ್ ಎಂದು ಮಾರುವುದರಲ್ಲಿ ಎಷ್ಟೋ ಸಲ ಪೊಲಾಕ್ ಎಂಬ ಬೇರೆ ಮೀನು ಇರುತ್ತದೆ. ಟ್ಯಾಂಟಿ ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಬೆಲೆ ನೋಡಿ ವಾಪಸ್ ಇಟ್ಟು, ಎರಡು ಹೆಜ್ಜೆ ಹೋಗಿ, ಮತ್ತೆ ಬಂದು ತೆಗೆದುಕೊಳ್ಳುತ್ತಿದ್ದರು.

ಹೋಟೆಲಿನವರು ಯಾಕೆ ಇಡಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ವಾಸನೆ. ಒಣಮೀನಿನ ವಾಸನೆಗೆ ಹುಲ್ಲಿನ ಟೋಪಿ ಹೊಂದುವುದಿಲ್ಲ. ಬೈಯಲು ನನಗೂ ಹಕ್ಕಿಲ್ಲ, ಯಾಕೆಂದರೆ ಬೆಂಗಳೂರಿಗೆ ಬಂದ ಮೇಲೆ ಈ ಅಪಾರ್ಟ್‌ಮೆಂಟಿನಲ್ಲಿ ನಾನು ಒಂದು ಸಲವೂ ಒಣಮೀನು ಮಾಡಿರಲಿಲ್ಲ. ಊರಿನಿಂದ ಅಮ್ಮ ಕಳಿಸಿದ್ದನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನ ತಳದಲ್ಲಿ ಇಟ್ಟಿದ್ದೆ, ಕದ್ದ ಮಾಲಿನ ಹಾಗೆ. ಲಿಫ್ಟಿನಲ್ಲಿ ಸಿಕ್ಕಿದವರು ಮೂಗು ಮುಚ್ಚಿಕೊಂಡಾರು ಎಂಬ ಹೆದರಿಕೆ. ಕುಂದಾಪುರದವಳು, ನೋಡಿ!

ನಿನ್ನೆ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದವಳೇ ಆ ಪೊಟ್ಟಣ ತೆಗೆದೆ. ಉಪ್ಪು ಹಾಕಿ ಒಣಗಿಸಿದ ಶಾರ್ಕ್. ಕಾಡ್ ಅಲ್ಲ, ಗೊತ್ತು. ನಾನು ಇದನ್ನು ಬುಲ್‌ಜೋಲ್ ಎಂದು ಕರೆಯುತ್ತೇನಾ ಇಲ್ಲವಾ ಎಂದು ಇನ್ನೂ ತೀರ್ಮಾನ ಮಾಡಿಲ್ಲ. ಬಾಲ್ಕನಿಯ ದೊಡ್ಡಪತ್ರೆ ಕೊಯ್ದು ಇಟ್ಟಿದ್ದೇನೆ. ಬೆಣ್ಣೆಹಣ್ಣು ಇನ್ನೂ ಕಲ್ಲಿನ ಹಾಗಿದೆ.

ಇದನ್ನು ಬರೆಯುತ್ತಿರುವಾಗಲೇ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೆಸೇಜ್ ಬಂದಿದೆ. "ನಾಲ್ಕನೇ ಮಹಡಿಯಲ್ಲಿ ಏನೋ ವಾಸನೆ, ಡ್ರೈನೇಜ್ ಕಟ್ಟಿದೆಯಾ ದಯವಿಟ್ಟು ನೋಡಿ." ಕೆಳಗೆ ಆಗಲೇ ಆರು ಜನ ಹೌದು ಹೌದು ಎಂದಿದ್ದಾರೆ. ಪ್ಲಂಬರ್ ಹತ್ತು ಗಂಟೆಗೆ ಬರುತ್ತಾನಂತೆ. ಅಷ್ಟರೊಳಗೆ ಎರಡನೇ ನೀರು ಬದಲಿಸಬೇಕು, ಏಳುತ್ತೇನೆ.