ಪ್ಯಾರಾಮೀಟರೇ ಇರಲ್ಲ ಅನ್ನೋದು ಸರಿಯಲ್ಲ

ಮಷೀನ್ ಲರ್ನಿಂಗ್ (ಡೇಟಾ ನೋಡಿ ಕಂಪ್ಯೂಟರ್ ಕಲಿಯುವ ವಿಧಾನ) ಬಗ್ಗೆ ನಿಮ್ಮ ಬರಹದಲ್ಲಿ 'ನಾನ್-ಪ್ಯಾರಾಮೆಟ್ರಿಕ್ ಮಾದರಿಗಳಲ್ಲಿ ಪ್ಯಾರಾಮೀಟರ್‌ಗಳೇ ಇರುವುದಿಲ್ಲ' ಎಂದು ಬರೆದಿದ್ದೀರಿ. ಇದೊಂದು ಮಾತಿಗೆ ನನ್ನ ತಕರಾರಿದೆ. ಪ್ಯಾರಾಮೀಟರ್ ಅಂದರೆ ಮಾದರಿ ಡೇಟಾದಿಂದ ಕಲಿತು ಇಟ್ಟುಕೊಳ್ಳುವ ಅಂಕಿ. ಅವು ಇರುತ್ತವೆ ರೀ, ಎಷ್ಟು ಅಂತ ಮೊದಲೇ ಗೊತ್ತಿರುವುದಿಲ್ಲ ಅಷ್ಟೇ. ಡೇಟಾ ಬೆಳೆದ ಹಾಗೆ ಮಾದರಿಯೂ ಬೆಳೆಯುತ್ತದೆ.

ನಮ್ಮ ವಿಜಯಪುರದ ಒಣದ್ರಾಕ್ಷಿಯನ್ನೇ ತಗೊಳ್ಳಿ. ಬಣ್ಣ, ಗಾತ್ರ, ತೇವ ನೋಡಿ ಬೆಲೆ ಅಂದಾಜು ಮಾಡಬೇಕು. ಲೀನಿಯರ್ ರಿಗ್ರೆಶನ್‌ಗೆ (ಪ್ರತಿ ಗುಣವನ್ನೂ ಒಂದು ಅಂಕಿಯಿಂದ ಗುಣಿಸಿ, ಕೂಡಿಸಿ ಬೆಲೆ ಹೇಳುವ ವಿಧಾನ) ನೂರು ಮಾರಾಟದ ಲೆಕ್ಕ ಕೊಟ್ಟರೂ ಲಕ್ಷ ಕೊಟ್ಟರೂ ಕೊನೆಗೆ ಉಳಿಯುವುದು 4 ಅಂಕಿ: ಮೂರು ಗುಣಕ್ಕೆ ಒಂದೊಂದು, ಜೊತೆಗೊಂದು ಮೂಲ ಅಂಕಿ. ಆಮೇಲೆ ಲೆಕ್ಕದ ಪುಸ್ತಕ ಬಿಸಾಕಬಹುದು. ಹೀಗೆ ಅಂಕಿ ಎಷ್ಟು ಅಂತ ಮೊದಲೇ ಗೊತ್ತಿದ್ದರೆ ಅದು ಪ್ಯಾರಾಮೆಟ್ರಿಕ್. ಕೆ-ನಿಯರೆಸ್ಟ್ ನೇಬರ್ (ಹೊಸದಕ್ಕೆ ತುಂಬ ಹೋಲುವ ಕೆಲವು ಹಳೇ ಸಾಲು ನೋಡಿ ಉತ್ತರ ಹೇಳುವ ವಿಧಾನ) ಹಾಗಲ್ಲ, ಇಡೀ ಪುಸ್ತಕ ಬಗಲಲ್ಲಿ ಇಟ್ಟುಕೊಂಡೇ ಓಡಾಡುತ್ತದೆ. ಹೊಸ ಮಾಲು ಬಂದಾಗಲೆಲ್ಲ ಹಿಂದಿನ ಸಾಲುಗಳನ್ನು ತಡಕಾಡುತ್ತದೆ. ನಾನೇ ಹಳೇ ಲ್ಯಾಪ್‌ಟಾಪ್‌ನಲ್ಲಿ ಹೀಗೊಂದು ಪ್ರೋಗ್ರಾಂ ಬರೆದಿದ್ದೆ. ಸಾಲು ಜಾಸ್ತಿ ಆದ ಮೇಲೆ ಉತ್ತರ ಬರುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು!

ಡಿಸಿಷನ್ ಟ್ರೀ (ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತ ಕವಲೊಡೆಯುವ ಮಾದರಿ) ಕೂಡ ಇದೇ ನಾನ್-ಪ್ಯಾರಾಮೆಟ್ರಿಕ್ ಗುಂಪು. ತಡೆಯದೆ ಬಿಟ್ಟರೆ ಕೊಂಬೆ ಒಡೆಯುತ್ತಲೇ ಹೋಗುತ್ತದೆ.

ಇನ್ನು ಎಸ್‌ವಿಎಂ (ಸಪೋರ್ಟ್ ವೆಕ್ಟರ್ ಮಷೀನ್, ಗುಂಪುಗಳ ನಡುವೆ ಗಡಿ ಎಳೆಯುವ ಮಾದರಿ) ಅನ್ನು ಪ್ಯಾರಾಮೆಟ್ರಿಕ್ ಅಂತ ಒಂದೇ ಡಬ್ಬಿಗೆ ಹಾಕಿದ್ದೀರಿ. ಗಡಿ ಲೀನಿಯರ್, ಅಂದರೆ ನೇರ, ಆಗಿದ್ದರೆ ಸರಿ. ಆರ್‌ಬಿಎಫ್ ಕರ್ನಲ್ (ಗಡಿ ಬಾಗಲು ಬಿಡುವ ಸೂತ್ರ) ಹಾಕಿದರೆ ಅದೂ ಸಪೋರ್ಟ್ ವೆಕ್ಟರ್ ಅಂತ ಹಳೇ ಸಾಲುಗಳನ್ನು ಹೊತ್ತುಕೊಂಡಿರುತ್ತದೆ. ಹೆಸರು ನೋಡಿ ವಿಂಗಡಿಸಿದರೆ ಇದೇ ಪಜೀತಿ. ಲಾಜಿಸ್ಟಿಕ್ ರಿಗ್ರೆಶನ್ ಹೆಸರಲ್ಲಿ ರಿಗ್ರೆಶನ್ ಇದ್ದರೂ ನಾವು ಬಳಸೋದು ಹೌದು-ಇಲ್ಲ ಅಂತ ವಿಂಗಡಿಸೋಕೆ ಅಲ್ವಾ? ಆ ಭಾಗವನ್ನು ನೀವೇ ಚೆನ್ನಾಗಿ ಬಿಡಿಸಿ ಹೇಳಿದ್ದೀರಿ, ಅದಕ್ಕೇ ಇಷ್ಟು ಬರೆದೆ.